ಆಟಕ್ಕುಂಟು, ಲೆಕ್ಕಕ್ಕೂ ಉಂಟೇ? ಯುರೋಪಿನ ಯುವಜನರನ್ನು ನೀತಿ ನಿರೂಪಣೆಗೆ ಕರೆತರುವ ದಾರಿಗಳ ಹೋಲಿಕೆ

2024ರ ಜೂನ್ 6ರಿಂದ 9ರವರೆಗೆ ಐರೋಪ್ಯ ಒಕ್ಕೂಟದ 27 ದೇಶಗಳಲ್ಲಿ ನಡೆದ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಒಟ್ಟು ಮತದಾನ ಶೇ 51ರ ಆಸುಪಾಸಿನಲ್ಲಿ ನಿಂತಿತು. ಹಿಂದಿನ ಚುನಾವಣೆಗೆ ಹೋಲಿಸಿದರೆ ಹೇಳಿಕೊಳ್ಳುವಂತಹ ಏರಿಳಿತವಿರಲಿಲ್ಲ. ಆದರೆ ಚುನಾವಣೆಯ ನಂತರ ಸಂಸತ್ತೇ ಮಾಡಿಸಿದ ಸಮೀಕ್ಷೆಯ ಪ್ರಕಾರ 25ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಮತ ಹಾಕಿದವರು ಶೇ 36 ಮಾತ್ರ. 2019ರಲ್ಲಿ ಈ ಪ್ರಮಾಣ ಶೇ 42 ಇತ್ತು. ಜರ್ಮನಿ ಮತ್ತು ಬೆಲ್ಜಿಯಂ ದೇಶಗಳು ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ 16 ವರ್ಷದವರಿಗೆ ಮೊದಲ ಬಾರಿ ಮತದ ಹಕ್ಕು ಕೊಟ್ಟದ್ದೂ ಇದೇ ವರ್ಷ. ಮತದಾನದ ಹೊರತಾಗಿ ಯುವ ಮಂಡಳಿಗಳು, ಚೀಟಿ ಎತ್ತಿ ಆರಿಸಿದ ನಾಗರಿಕ ಸಭೆಗಳು, ಸಹಿ ಸಂಗ್ರಹ, ಯುವ ಸಂವಾದ, ಜನರೇ ಹಂಚುವ ಬಜೆಟ್ಟು ಹೀಗೆ ಹತ್ತಾರು ವ್ಯವಸ್ಥೆಗಳು ಅಲ್ಲಿ ಬೆಳೆದಿವೆ. ಬಾಗಿಲುಗಳು ಹೆಚ್ಚಾಗುತ್ತಿರುವಾಗಲೇ ಒಳಗೆ ಬರುವವರು ಕಡಿಮೆಯಾಗುತ್ತಿದ್ದಾರೆ ಎಂದಾದರೆ, ಯಾವ ಬಾಗಿಲು ನಿಜವಾಗಿ ಒಳಮನೆಗೆ ಹೋಗುತ್ತದೆ, ಯಾವುದು ಜಗಲಿಯಲ್ಲಿಯೇ ಮುಗಿಯುತ್ತದೆ ಎಂದು ವಿಚಾರಿಸುವುದು ಅಗತ್ಯವಾಗುತ್ತದೆ.

ಈ ಬರಹ ಮುಖ್ಯವಾಗಿ ಆಯ್ಕೆ ಮಾಡಬೇಕಾದವರಿಗಾಗಿ ಇದೆ: ಯುರೋಪಿನ ನಗರಸಭೆಯೊಂದರಲ್ಲಿ ಯುವಜನ ವಿಭಾಗ ನೋಡಿಕೊಳ್ಳುವವರು, ಶಾಲೆಯ ಅಧ್ಯಾಪಕರು, ಯುವ ಸಂಘಟನೆಗಳ ಕಾರ್ಯಕರ್ತರು, ಮತ್ತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ನಿಂತಿರುವ ತರುಣ ತರುಣಿಯರು. ಅವರಲ್ಲಿ ಅಲ್ಲಿಯೇ ಬೆಳೆಯುತ್ತಿರುವ ನಮ್ಮ ಕನ್ನಡದ ಮನೆಗಳ ಮಕ್ಕಳೂ ಸೇರಿದ್ದಾರೆ. ಹೋಲಿಕೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಎಷ್ಟು ಜನ ಸೇರಿದರು, ಎಷ್ಟು ಸಲಹೆಗಳು ಬಂದವು ಎಂಬುದನ್ನು ವರದಿಗಳು ಸಾಕಷ್ಟು ಹೇಳುತ್ತವೆ. ಯುವಜನರು ಹೇಳಿದ್ದಕ್ಕೆ ಉತ್ತರ ಕೊಡಲೇಬೇಕಾದ ಹೊಣೆ ಯಾರ ಮೇಲೆ, ಎಷ್ಟು ದಿನಗಳೊಳಗೆ ಇದೆ ಎಂಬುದು ಮಾತ್ರ ಹಲವು ಬಾರಿ ಅಲ್ಲಿರುವುದಿಲ್ಲ. ಚಿಕ್ಕ ಮಕ್ಕಳನ್ನು ಬೇಸರಪಡಿಸದಿರಲು ಆಟಕ್ಕೆ ಸೇರಿಸಿಕೊಂಡು, ಅವರ ಅಂಕ ಮಾತ್ರ ಎಣಿಸದಿರುವ ರೂಢಿಗೆ ನಮ್ಮಲ್ಲಿ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಾರೆ. ಯುವ ಭಾಗವಹಿಸುವಿಕೆಯ ಹೆಸರಿನಲ್ಲಿ ನಡೆಯುವ ಬಹಳಷ್ಟು ಕಾರ್ಯಕ್ರಮಗಳಿಗೆ ಇದಕ್ಕಿಂತ ನಿಖರವಾದ ವರ್ಣನೆ ನನಗೆ ಸಿಕ್ಕಿಲ್ಲ.

ಮತದ ವಯಸ್ಸನ್ನು ಇಳಿಸುವುದು

ಎಲ್ಲ ದಾರಿಗಳಲ್ಲಿ ನೇರವಾದದ್ದು ಇದು. ಆಸ್ಟ್ರಿಯಾ 2007ರಲ್ಲಿ ರಾಷ್ಟ್ರಮಟ್ಟದ ಚುನಾವಣೆಯೂ ಸೇರಿದಂತೆ ಎಲ್ಲ ಚುನಾವಣೆಗಳಿಗೂ ಮತದ ವಯಸ್ಸನ್ನು 16ಕ್ಕೆ ಇಳಿಸಿತು. ಒಕ್ಕೂಟದ ದೇಶಗಳಲ್ಲಿ ಇದನ್ನು ಮೊದಲು ಮಾಡಿದ್ದು ಅದೇ. ಮಾಲ್ಟಾ 2018ರಲ್ಲಿ ಅದೇ ದಾರಿ ಹಿಡಿಯಿತು. ಗ್ರೀಸ್ 17ರಲ್ಲಿ ನಿಂತಿತು. ಎಸ್ಟೋನಿಯಾ ಸ್ಥಳೀಯ ಚುನಾವಣೆಗಳಿಗಷ್ಟೇ 16 ಎಂದು ನಿಗದಿಪಡಿಸಿತು. ಸ್ಕಾಟ್ಲೆಂಡಿನಲ್ಲಿ 2014ರ ಸ್ವಾತಂತ್ರ್ಯದ ಜನಮತಗಣನೆಗಾಗಿ 16 ಮತ್ತು 17 ವರ್ಷದ 1,09,593 ಮಂದಿ ಮತದಾರರ ಪಟ್ಟಿಗೆ ಸೇರಿದ್ದರು. ಆಗ ಚುನಾವಣಾ ಆಯೋಗ ನಡೆಸಿದ ಸಮೀಕ್ಷೆಯಲ್ಲಿ ಆ ವಯಸ್ಸಿನ ಶೇ 75 ಮಂದಿ ಮತ ಹಾಕಿದ್ದಾಗಿ ಹೇಳಿದರೆ, 18ರಿಂದ 24ರವರಲ್ಲಿ ಹಾಗೆ ಹೇಳಿದವರು ಶೇ 54 ಮಾತ್ರ. ಆಸ್ಟ್ರಿಯಾದ ವಿಯೆನ್ನಾ ಮತ್ತು ಕ್ರೆಮ್ಸ್ ನಗರಗಳ ಮತದಾರರ ಪಟ್ಟಿಗಳನ್ನು ಅಧ್ಯಯನ ಮಾಡಿದವರಿಗೂ 16–17ರವರು 18–20ರವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಮತ ಹಾಕಿದ್ದು ಕಂಡುಬಂತು.

ಇದಕ್ಕೆ ಕಾರಣ ಸರಳವಾಗಿದೆ. ಹದಿನಾರರ ವಯಸ್ಸಿನಲ್ಲಿ ಹುಡುಗ ಹುಡುಗಿಯರು ತಂದೆ ತಾಯಿಯರ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿರುತ್ತಾರೆ. ಚುನಾವಣೆಯ ಮಾತು ಊಟದ ಮೇಜಿನಲ್ಲಿಯೂ ತರಗತಿಯಲ್ಲಿಯೂ ಕಿವಿಗೆ ಬೀಳುತ್ತದೆ, ಮತಗಟ್ಟೆ ಹತ್ತಿರದಲ್ಲಿಯೇ ಇರುತ್ತದೆ. ಹದಿನೆಂಟರಿಂದ ಇಪ್ಪತ್ತರ ನಡುವೆ ಮನೆ ಬಿಟ್ಟು, ಊರು ಬದಲಿಸಿ, ಹೊಸ ವಿಳಾಸ ನೋಂದಾಯಿಸಿಕೊಳ್ಳುವ ಗಡಿಬಿಡಿಯಲ್ಲಿ ಮೊದಲ ಮತವೇ ಕೈತಪ್ಪಿಹೋಗುತ್ತದೆ. ಆದ್ದರಿಂದ ವಯಸ್ಸು ಇಳಿಸುವ ದೇಶವು ಅದರ ಜೊತೆಯಲ್ಲಿಯೇ ಶಾಲೆಗಳಲ್ಲಿ ಪೌರಶಿಕ್ಷಣವನ್ನು ಬಲಪಡಿಸಬೇಕು. ಆಸ್ಟ್ರಿಯಾ ಹಾಗೆ ಮಾಡಿತು ಎಂಬುದನ್ನು ಬೇರೆಯವರು ಹಲವು ಬಾರಿ ಮರೆಯುತ್ತಾರೆ.

ಕುಂದುಗಳೂ ಸಣ್ಣವಲ್ಲ. ಮತದ ಅವಕಾಶ ನಾಲ್ಕೈದು ವರ್ಷಕ್ಕೊಮ್ಮೆ ಬರುತ್ತದೆ ಮತ್ತು ಆಯ್ಕೆಗಳನ್ನು ಬೇರೆಯವರು ಮೊದಲೇ ಸಿದ್ಧಮಾಡಿಟ್ಟಿರುತ್ತಾರೆ. ನಿಯಮಗಳಂತೂ ಚಿಂದಿ ಹೊಲಿದ ಕೌದಿಯಂತಿವೆ. 2024ರ ಜೂನ್‌ನಲ್ಲಿ ಯುರೋಪಿಯನ್ ಸಂಸತ್ತಿಗೆ ಮತ ಹಾಕಿದ ಜರ್ಮನಿಯ 16 ವರ್ಷದ ಹುಡುಗಿ, 2025ರ ಫೆಬ್ರುವರಿಯಲ್ಲಿ ತನ್ನ ದೇಶದ ಸಂಸತ್ತಿಗೆ ಚುನಾವಣೆ ನಡೆದಾಗ ಮನೆಯಲ್ಲಿ ಕುಳಿತಿರಬೇಕಾಯಿತು, ಏಕೆಂದರೆ ಅಲ್ಲಿ ವಯಸ್ಸು ಇನ್ನೂ 18. ಇಟಲಿಯಲ್ಲಿ 2021ರವರೆಗೆ 25 ತುಂಬದವರಿಗೆ ಸೆನೆಟ್ ಚುನಾವಣೆಯಲ್ಲಿ ಮತದ ಹಕ್ಕೇ ಇರಲಿಲ್ಲ. ಸೆನೆಟ್ಟಿಗೆ ಸ್ಪರ್ಧಿಸಲು ಈಗಲೂ 40 ತುಂಬಿರಬೇಕು. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಯುವಜನರಿಗೆ ಮತ ಕೊಟ್ಟರೆ ಇಂಥ ಪಕ್ಷಕ್ಕೆ ಲಾಭ ಎಂಬ ಲೆಕ್ಕಾಚಾರದಿಂದ ಈ ಬೇಡಿಕೆಯನ್ನು ಮುಂದಿಡುವವರು ಪೆಟ್ಟು ತಿನ್ನುತ್ತಾರೆ. ಜರ್ಮನಿಯಲ್ಲಿ 2019ರಲ್ಲಿ ಹಸಿರು ಪಕ್ಷದ ಕಡೆಗೆ ವಾಲಿದ್ದ ಯುವ ಮತಗಳು 2024ರಲ್ಲಿ ದೊಡ್ಡ ಪ್ರಮಾಣದಲ್ಲಿ ಅದನ್ನು ತೊರೆದು ಎಲ್ಲ ದಿಕ್ಕುಗಳಿಗೂ, ಬಲಪಂಥದ ಕಡೆಗೂ, ಹರಿದುಹೋದವು. ಹಕ್ಕಿನ ಸಮರ್ಥನೆ ಫಲಿತಾಂಶದ ಮೇಲೆ ನಿಂತಿರಬಾರದು.

ಯುವ ಮಂಡಳಿ: ಕಾನೂನಿನ ಬೆನ್ನೆಲುಬು ಇದ್ದರೆ

ಸ್ಥಳೀಯ ಯುವ ಮಂಡಳಿಗಳು ಯುರೋಪಿನ ಬಹುತೇಕ ದೇಶಗಳಲ್ಲಿವೆ. ಅವುಗಳ ನಡುವಿನ ಅಂತರ ಮಾತ್ರ ಅಜಗಜಾಂತರ. ಫಿನ್ಲೆಂಡಿನ 2015ರ ಸ್ಥಳೀಯ ಸರ್ಕಾರ ಕಾಯ್ದೆಯ ಪ್ರಕಾರ ಪ್ರತಿಯೊಂದು ಪುರಸಭೆಯೂ ಯುವ ಮಂಡಳಿಯನ್ನು ಅಥವಾ ಅದಕ್ಕೆ ಸಮನಾದ ವ್ಯವಸ್ಥೆಯನ್ನು ರಚಿಸಲೇಬೇಕು, ಅದು ಕೆಲಸ ಮಾಡಲು ಬೇಕಾದ ಸೌಕರ್ಯ ಒದಗಿಸಬೇಕು, ಮತ್ತು ಯುವಜನರ ಆರೋಗ್ಯ, ಶಿಕ್ಷಣ, ವಸತಿ, ಓಡಾಟ, ಸುತ್ತಲಿನ ಪರಿಸರ ಇವುಗಳಿಗೆ ಸಂಬಂಧಿಸಿದ ಕೆಲಸಗಳ ಯೋಜನೆ, ಸಿದ್ಧತೆ, ಜಾರಿ, ಪರಿಶೀಲನೆಗಳಲ್ಲಿ ಪ್ರಭಾವ ಬೀರುವ ಅವಕಾಶವನ್ನು ಅದಕ್ಕೆ ಕೊಡಬೇಕು. ಕಾಯ್ದೆಯ ಈ ಮಾತಿನಲ್ಲಿ ‘ಸಿದ್ಧತೆ’ ಎಂಬ ಪದವೇ ತೂಕದ್ದು. ಹೊಸ ಸೈಕಲ್ ದಾರಿಯ ನಕ್ಷೆ ಅಂತಿಮಗೊಂಡ ಮೇಲೆ ಅಭಿಪ್ರಾಯ ಕೇಳುವುದಕ್ಕೂ, ನಕ್ಷೆ ಬರೆಯುವಾಗಲೇ ಮೇಜಿನ ಬಳಿ ಕುರ್ಚಿ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ.

ಐರ್ಲೆಂಡಿನಲ್ಲಿ 31 ಸ್ಥಳೀಯ ಆಡಳಿತಗಳಿಗೆ ಒಂದೊಂದರಂತೆ ‘ಕೋರ್ಲ್ಯಾ ನ ನೋಗ್’ ಎಂಬ ಯುವ ಮಂಡಳಿಗಳಿದ್ದು, 12ರಿಂದ 17 ವರ್ಷದವರು, ಅಂದರೆ ಇನ್ನೂ ಮತವಿಲ್ಲದವರು, ಅವುಗಳ ಸದಸ್ಯರಾಗಿರುತ್ತಾರೆ. ಅವರ ವಿಷಯವನ್ನು ಅವರೇ ಆರಿಸಿಕೊಳ್ಳುತ್ತಾರೆ. ಹಳ್ಳಿಗಾಡಿನ ಬಸ್ಸು, ಮಾನಸಿಕ ಆರೋಗ್ಯದಂತಹ ವಿಷಯಗಳು ಮೇಲೆ ಬರುವುದಕ್ಕೆ ಅದೇ ಕಾರಣ. ಈ ಮಂಡಳಿಗಳ ಬಗ್ಗೆ ಓದುವ ಕನ್ನಡಿಗರಿಗೆ ನಮ್ಮ ಗ್ರಾಮ ಪಂಚಾಯಿತಿಗಳ ಮಕ್ಕಳ ಗ್ರಾಮಸಭೆ ನೆನಪಾಗದೆ ಇರದು. ಶಾಲೆಯ ಶೌಚಾಲಯ, ಕುಡಿಯುವ ನೀರು, ಬಸ್ಸು ನಿಲ್ಲದಿರುವುದು ಇವು ಅಲ್ಲಿಯೂ ಮೊದಲು ಏಳುವ ದೂರುಗಳು, ಮತ್ತು ಹಿಂದಿನ ವರ್ಷದ ದೂರಿಗೆ ಏನಾಯಿತು ಎಂಬ ಪ್ರಶ್ನೆ ಎದ್ದಾಗ ಸಭೆಯ ಬಣ್ಣ ಬದಲಾಗುವುದೂ ಎರಡೂ ಕಡೆ ಒಂದೇ.

ಮಂಡಳಿಗಳ ಮೇಲಿನ ದೊಡ್ಡ ಆಕ್ಷೇಪವೆಂದರೆ, ಅಲ್ಲಿಗೆ ಬರುವವರು ಸಾಮಾನ್ಯವಾಗಿ ತರಗತಿಯ ಮೊದಲ ಬೆಂಚಿನವರು: ಚೆನ್ನಾಗಿ ಮಾತನಾಡುವವರು, ವಿದ್ಯಾವಂತ ಮನೆಗಳವರು. ವೃತ್ತಿಶಿಕ್ಷಣದಲ್ಲಿರುವವರು, ವಲಸೆ ಬಂದವರ ಮಕ್ಕಳು, ಓದು ಬಿಟ್ಟು ಕೆಲಸಕ್ಕೆ ಸೇರಿದವರು ಕಡಿಮೆ. ಸದಸ್ಯರ ಅರ್ಧದಷ್ಟನ್ನಾದರೂ ಶಾಲೆಗಳು, ಕ್ಲಬ್ಬುಗಳು, ವೃತ್ತಿ ತರಬೇತಿ ಕೇಂದ್ರಗಳಿಗೆ ಹಂಚಿಕೊಟ್ಟು, ಉಳಿದವರನ್ನು ಚೀಟಿ ಎತ್ತಿ ಆರಿಸಿದರೆ ಈ ಕುಂದು ಸ್ವಲ್ಪ ಮಟ್ಟಿಗೆ ತಗ್ಗುತ್ತದೆಂಬುದು ನನ್ನ ಅಭಿಪ್ರಾಯ.

ಇದೇ ಮಾದರಿಯ ಅತ್ಯುನ್ನತ ರೂಪ ಐರೋಪ್ಯ ಒಕ್ಕೂಟದಲ್ಲಿಲ್ಲ, 46 ದೇಶಗಳ ಬೇರೆಯೇ ಸಂಸ್ಥೆಯಾದ ಕೌನ್ಸಿಲ್ ಆಫ್ ಯುರೋಪ್‌ನಲ್ಲಿದೆ. ಅಲ್ಲಿ 1970ರ ದಶಕದ ಆರಂಭದಿಂದಲೂ ಯುವಜನ ವಿಭಾಗವನ್ನು ‘ಸಹ ನಿರ್ವಹಣೆ’ಯ ಪದ್ಧತಿಯಲ್ಲಿ ನಡೆಸಲಾಗುತ್ತಿದೆ: ಸರ್ಕಾರಗಳ ಪ್ರತಿನಿಧಿಗಳ ಸಮಿತಿಯೊಂದು, 30 ಯುವ ಪ್ರತಿನಿಧಿಗಳ ಸಲಹಾ ಮಂಡಳಿಯೊಂದು, ಇವೆರಡೂ ಜಂಟಿಯಾಗಿ ಕುಳಿತು ಆ ವಿಭಾಗದ ಆದ್ಯತೆಗಳನ್ನು, ಕಾರ್ಯಕ್ರಮವನ್ನು, ಹಣದ ಹಂಚಿಕೆಯನ್ನು ನಿರ್ಧರಿಸುತ್ತವೆ. ಇಪ್ಪತ್ತೈದು ವರ್ಷದ ಯುವತಿಯೊಬ್ಬಳ ಒಪ್ಪಿಗೆ ಇಲ್ಲದೆ ಮಂತ್ರಾಲಯದ ಹಿರಿಯ ಅಧಿಕಾರಿಯ ಪ್ರಸ್ತಾವವೊಂದು ಮುಂದೆ ಸಾಗದಿರಬಹುದಾದ ಸಾರ್ವಜನಿಕ ಸಂಸ್ಥೆಗಳು ಜಗತ್ತಿನಲ್ಲಿ ಬಹಳ ಇಲ್ಲ. ಆದರೆ ಈ ಅಧಿಕಾರ ಯುವಜನ ವಿಭಾಗದ ಗೋಡೆಗಳೊಳಗೆ ಮಾತ್ರ. ರಕ್ಷಣೆ, ತೆರಿಗೆ, ವಸತಿಯಂತಹ ವಿಷಯಗಳಿಗೆ ಅದು ಹರಡಿಲ್ಲ.

ಚೀಟಿ ಎತ್ತಿ ಆರಿಸುವ ಸಭೆಗಳು

ನಮ್ಮ ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೆ ಸಮ ಮತ ಬಂದಾಗ ಚೀಟಿ ಎತ್ತುತ್ತಾರೆ. ಅದನ್ನು ಅದೃಷ್ಟದಾಟವೆಂದು ನಾವು ನಗುತ್ತೇವೆ. ಯುರೋಪಿನಲ್ಲಿ ಕಳೆದ ಒಂದೆರಡು ದಶಕಗಳಿಂದ ಇದೇ ಉಪಾಯವನ್ನು ಗಂಭೀರವಾಗಿ ಬಳಸಲಾಗುತ್ತಿದೆ. ಮನಸ್ಸಿದ್ದವರಷ್ಟೇ ಬಂದರೆ ಒಂದೇ ಬಗೆಯ ಜನ ಬರುತ್ತಾರೆ, ಆದ್ದರಿಂದ ವಯಸ್ಸು, ಲಿಂಗ, ಊರು, ಓದು ಇವುಗಳ ಸಮತೋಲ ನೋಡಿ ಚೀಟಿ ಎತ್ತೋಣ, ಅವರಿಗೆ ತಜ್ಞರಿಂದ ಮಾಹಿತಿ ಕೊಡಿಸೋಣ, ಚರ್ಚಿಸಿ ಶಿಫಾರಸು ಮಾಡಲಿ ಎಂಬುದು ಅದರ ತಿರುಳು.

2021ರ ಮೇ 9ರಿಂದ 2022ರ ಮೇ 9ರವರೆಗೆ ನಡೆದ ‘ಯುರೋಪಿನ ಭವಿಷ್ಯ ಕುರಿತ ಸಮ್ಮೇಳನ’ದಲ್ಲಿ ತಲಾ 200 ಜನರ ನಾಲ್ಕು ನಾಗರಿಕ ಸಭೆಗಳಿದ್ದು, ಪ್ರತಿಯೊಂದರಲ್ಲಿ ಮೂರನೆಯ ಒಂದು ಭಾಗ 16ರಿಂದ 25 ವರ್ಷದವರಿಗೆ ಮೀಸಲಾಗಿತ್ತು. ಜನಸಂಖ್ಯೆಯಲ್ಲಿ ಅವರ ಪಾಲು ಅದಕ್ಕಿಂತ ಬಹಳ ಕಡಿಮೆ. ಬೇಕೆಂದೇ ತಕ್ಕಡಿಯನ್ನು ಅವರ ಕಡೆಗೆ ವಾಲಿಸಲಾಗಿತ್ತು, ಏಕೆಂದರೆ ಇಂದಿನ ನಿರ್ಧಾರಗಳ ಜೊತೆ ಹೆಚ್ಚು ಕಾಲ ಬದುಕಬೇಕಾದವರು ಅವರೇ. ಸಮ್ಮೇಳನ 49 ಪ್ರಸ್ತಾವಗಳನ್ನು, ಅವುಗಳಡಿ 300ಕ್ಕೂ ಹೆಚ್ಚು ಕ್ರಮಗಳನ್ನು ಮುಂದಿಟ್ಟಿತು. ಅದರ ಫಲವಾಗಿ, ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಆಯೋಗವು ಆಹಾರದ ಪೋಲು, ಕಲಿಕೆಗಾಗಿ ದೇಶದಿಂದ ದೇಶಕ್ಕೆ ಓಡಾಟ, ಇಂಧನ ದಕ್ಷತೆ ಮುಂತಾದ ವಿಷಯಗಳ ಮೇಲೆ ಸುಮಾರು 150 ಜನರ ನಾಗರಿಕ ಸಭೆಗಳನ್ನು ಕರೆಯುವ ರೂಢಿ ಹುಟ್ಟಿತು. ಮೂರರಲ್ಲೊಂದು ಪಾಲು ಯುವಜನರಿಗೆ ಎಂಬ ನಿಯಮ ಅಲ್ಲಿಯೂ ಮುಂದುವರಿಯಿತು. ಆದರೆ ಒಕ್ಕೂಟದ ಮೂಲ ಒಪ್ಪಂದವನ್ನೇ ತಿದ್ದಬೇಕಾಗುವ ದೊಡ್ಡ ಪ್ರಸ್ತಾವಗಳು ಸದಸ್ಯ ಸರ್ಕಾರಗಳ ಮೇಜಿನ ಮೇಲೆಯೇ ಉಳಿದಿವೆ.

ಫ್ರಾನ್ಸಿನ ಹವಾಮಾನ ಸಭೆಯ ಕಥೆ ಇದಕ್ಕಿಂತ ಕಹಿಯಾದದ್ದು. 2019–20ರಲ್ಲಿ, 16 ವರ್ಷ ಮೇಲ್ಪಟ್ಟವರಿಂದ ಚೀಟಿ ಎತ್ತಿ ಆರಿಸಿದ 150 ಮಂದಿ ತಿಂಗಳುಗಟ್ಟಲೆ ಕುಳಿತು 149 ಪ್ರಸ್ತಾವಗಳನ್ನು ಕೊಟ್ಟರು. ಅವುಗಳನ್ನು ಸೋಸದೆ ಹಾಗೆಯೇ ಮುಂದಕ್ಕೆ ಒಯ್ಯುವುದಾಗಿ ಅಧ್ಯಕ್ಷ ಮ್ಯಾಕ್ರಾನ್ ಮೊದಲೇ ಮಾತು ಕೊಟ್ಟಿದ್ದರು; ಮೂರನ್ನು ಆರಂಭದಲ್ಲಿಯೇ ಪಕ್ಕಕ್ಕಿಟ್ಟರು, ಉಳಿದವುಗಳಲ್ಲಿ ಹಲವು ಸಚಿವಾಲಯಗಳಲ್ಲಿ ಸೋಸಿಕೊಂಡೇ ಹೊರಬಂದವು. ಸಭೆಗಿಂತ ಮೊದಲು ಕೊಡುವ ಮಾತು ದೊಡ್ಡದಾದಷ್ಟೂ ಆಮೇಲಿನ ಅಸಮಾಧಾನವೂ ದೊಡ್ಡದಾಗುತ್ತದೆ. ಐರ್ಲೆಂಡಿನಲ್ಲಿಯೂ ಇಂಥದ್ದೊಂದು ನಡೆದಿದೆ: ಮತದ ವಯಸ್ಸನ್ನು 16ಕ್ಕೆ ಇಳಿಸಬೇಕೆಂದು ಸಂವಿಧಾನ ಸಮಾವೇಶ 2013ರಲ್ಲಿ ಶಿಫಾರಸು ಮಾಡಿತು, ಸರ್ಕಾರ ಜನಮತಗಣನೆಯ ಮಾತು ಕೊಟ್ಟಿತು, ಬಳಿಕ ಕೈಬಿಟ್ಟಿತು. ಅದೇ ಸಮಾವೇಶದ ಇನ್ನೊಂದು ಶಿಫಾರಸು ಮಾತ್ರ 2015ರ ವಿವಾಹ ಸಮಾನತೆಯ ಜನಮತಗಣನೆಯಾಗಿ, ಶೇ 62ರಷ್ಟು ಬೆಂಬಲದೊಂದಿಗೆ ಸಂವಿಧಾನದೊಳಕ್ಕೆ ಹೋಯಿತು.

ಈ ಗುಂಪಿನಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಬೆಲ್ಜಿಯಂನ ಜರ್ಮನ್ ಭಾಷಿಕ ಸಮುದಾಯದ ವ್ಯವಸ್ಥೆ. 80 ಸಾವಿರಕ್ಕೂ ಕಡಿಮೆ ಜನಸಂಖ್ಯೆಯ ಆ ಪುಟ್ಟ ಪ್ರದೇಶದ ಸಂಸತ್ತು 2019ರಲ್ಲಿ ಕಾಯಂ ನಾಗರಿಕ ಪರಿಷತ್ತೊಂದನ್ನು ಕಾನೂನಿನ ಮೂಲಕ ಸ್ಥಾಪಿಸಿತು. ಚೀಟಿಯಿಂದ ಬಂದ 24 ಮಂದಿಯ ಈ ಪರಿಷತ್ತು ಚರ್ಚೆಯ ವಿಷಯಗಳನ್ನು ಆರಿಸುತ್ತದೆ, ಅವುಗಳಿಗಾಗಿ ಚೀಟಿಯಿಂದಲೇ ಬೇರೆ ಸಭೆಗಳನ್ನು ಕರೆಯುತ್ತದೆ, ಮತ್ತು ಶಿಫಾರಸುಗಳು ಏನಾದವು ಎಂಬುದರ ಬೆನ್ನು ಹತ್ತುತ್ತದೆ. 16 ತುಂಬಿದವರೂ ಆಯ್ಕೆಗೆ ಅರ್ಹರು. ಸಂಸತ್ತು ಶಿಫಾರಸನ್ನು ತಿರಸ್ಕರಿಸಬಹುದು, ಆದರೆ ಕಾರಣ ಹೇಳದೆ ತಿರಸ್ಕರಿಸುವಂತಿಲ್ಲ. ಉತ್ತರದ ಹೊಣೆ ಎಂದು ನಾನು ಮೇಲೆ ಹೇಳಿದ್ದು ಇದನ್ನೇ.

ಹದಿನಾರಕ್ಕಿಂತ ಚಿಕ್ಕವರಿಗೆ ಇದು ಸಾಧ್ಯವೇ ಎಂದು ಕೇಳುವವರು ಐರ್ಲೆಂಡ್ 2022ರಲ್ಲಿ ಜೀವವೈವಿಧ್ಯದ ನಷ್ಟ ಕುರಿತು ನಡೆಸಿದ ಮಕ್ಕಳ ಸಭೆಯನ್ನು ನೋಡಬಹುದು. ಅದರಲ್ಲಿದ್ದ 35 ಸದಸ್ಯರು 7ರಿಂದ 17 ವರ್ಷದವರು. ಚೀಟಿ ಪದ್ಧತಿಯ ಕೊರತೆ ಬೇರೆಯದೇ: ಅದು ದುಬಾರಿ, ಅನುವಾದಕರು, ನಿರ್ವಾಹಕರು, ಪ್ರಯಾಣ, ವಸತಿ ಎಲ್ಲಕ್ಕೂ ಹಣ ಬೇಕು; ಮತ್ತು ಒಂದು ವಿಷಯಕ್ಕಾಗಿ ನಿದ್ದೆಗೆಟ್ಟು ದುಡಿಯುತ್ತಿರುವ ಯುವಕನಿಗೆ ಹೆಸರು ಬರದಿದ್ದರೆ ಒಳಗೆ ಜಾಗವಿಲ್ಲ.

ಹತ್ತು ಲಕ್ಷ ಸಹಿ

ಒಕ್ಕೂಟದ ಮಟ್ಟದಲ್ಲಿ ಕಾನೂನು ಬೇಕೆಂದು ಜನರೇ ಕೇಳಬಹುದಾದ ವಿಧಾನ ಯುರೋಪಿಯನ್ ನಾಗರಿಕರ ಉಪಕ್ರಮ. 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಏಳು ಬೇರೆ ಬೇರೆ ಸದಸ್ಯ ದೇಶಗಳಲ್ಲಿ ವಾಸಿಸುವ ಏಳು ಮಂದಿ ಸಂಘಟಕರು ಸೇರಿ ಬೇಡಿಕೆಯನ್ನು ನೋಂದಾಯಿಸಬೇಕು. ಒಂದು ವರ್ಷದೊಳಗೆ 10 ಲಕ್ಷ ಸಹಿ ಸಂಗ್ರಹಿಸಬೇಕು. ಕನಿಷ್ಠ ಏಳು ದೇಶಗಳಲ್ಲಿ ಪ್ರತ್ಯೇಕ ಮಿತಿಯನ್ನೂ ದಾಟಬೇಕು. ಆ ಮಿತಿಯ ಲೆಕ್ಕ ಹೀಗಿದೆ: ಒಂದು ದೇಶದಿಂದ ಆರಿಸಿಬರುವ ಯುರೋಪಿಯನ್ ಸಂಸದರ ಸಂಖ್ಯೆಯನ್ನು ಸಂಸತ್ತಿನ ಒಟ್ಟು ಸದಸ್ಯರ ಸಂಖ್ಯೆಯಿಂದ, ಈಗಿನ ಲೆಕ್ಕದಲ್ಲಿ 720ರಿಂದ, ಗುಣಿಸಬೇಕು. ಆರು ಸಂಸದರ ಮಾಲ್ಟಾಕ್ಕೆ 4,320 ಸಹಿ ಸಾಕಾದರೆ, 96 ಸಂಸದರ ಜರ್ಮನಿಯಲ್ಲಿ 69,120 ಬೇಕು. ಸಹಿ ಹಾಕಲು ಸಾಮಾನ್ಯವಾಗಿ ಮತದ ವಯಸ್ಸಾಗಿರಬೇಕು. ದೇಶಗಳು ಬಯಸಿದರೆ ಅದನ್ನು 16ಕ್ಕೆ ಇಳಿಸಲು 2020ರಿಂದ ಜಾರಿಯಾದ ನಿಯಮಾವಳಿ ಅವಕಾಶ ಕೊಟ್ಟಿದೆ.

ಗುರಿ ಮುಟ್ಟಿದರೆ ಆಯೋಗ ಸಂಘಟಕರನ್ನು ಭೇಟಿಯಾಗಲೇಬೇಕು, ಸಂಸತ್ತಿನಲ್ಲಿ ಸಾರ್ವಜನಿಕ ಅಹವಾಲು ನಡೆಯಬೇಕು, ಮತ್ತು ಆರು ತಿಂಗಳೊಳಗೆ ತಾನು ಏನು ಮಾಡುತ್ತೇನೆ ಅಥವಾ ಏಕೆ ಮಾಡುವುದಿಲ್ಲ ಎಂಬುದನ್ನು ಆಯೋಗ ಬರಹದಲ್ಲಿ ಹೇಳಬೇಕು. ಉತ್ತರ ಖಚಿತ, ಕೆಲಸ ಖಚಿತವಲ್ಲ. ನೀರಿನ ಹಕ್ಕಿಗಾಗಿ ನಡೆದ ಮೊದಲ ಯಶಸ್ವಿ ಉಪಕ್ರಮ ವರ್ಷಗಳ ನಂತರ, 2020ರಲ್ಲಿ, ಕುಡಿಯುವ ನೀರಿನ ನಿರ್ದೇಶನದ ಪರಿಷ್ಕರಣೆಯಲ್ಲಿ ಭಾಗಶಃ ಫಲ ಕಂಡಿತು. ಮಾಂಸ, ಮೊಟ್ಟೆಗಳಿಗಾಗಿ ಸಾಕುವ ಪ್ರಾಣಿಗಳನ್ನು ಪಂಜರದಲ್ಲಿಡುವುದನ್ನು ನಿಲ್ಲಿಸಬೇಕೆಂದು ಸುಮಾರು 14 ಲಕ್ಷ ಜನ ಸಹಿ ಹಾಕಿದ್ದಕ್ಕೆ, 2023ರ ಕೊನೆಯೊಳಗೆ ಮಸೂದೆ ತರುವುದಾಗಿ ಆಯೋಗ 2021ರಲ್ಲಿ ಒಪ್ಪಿಕೊಂಡಿತ್ತು. ಆ ಗಡುವು ಮಸೂದೆಯಿಲ್ಲದೆಯೇ ಕಳೆದುಹೋಯಿತು. ಹಣ ಕೊಟ್ಟು ಕೊಂಡ ವಿಡಿಯೊ ಗೇಮ್‌ಗಳನ್ನು ಕಂಪನಿಗಳು ಆಮೇಲೆ ಆಡಲಾಗದಂತೆ ಮಾಡುವುದರ ವಿರುದ್ಧದ ಉಪಕ್ರಮ 2025ರ ಜುಲೈ ತಿಂಗಳಲ್ಲಿ, ಗಡುವಿಗೆ ಕೆಲವೇ ವಾರಗಳಿರುವಾಗ 10 ಲಕ್ಷ ದಾಟಿತು. ಸಭಾಂಗಣದ ಸಂವಾದಗಳಿಗೆ ಎಂದೂ ಬಾರದ ಯುವಕರು ತಮ್ಮದೇ ಮಾಧ್ಯಮಗಳ ಮೂಲಕ ಅಲ್ಲಿ ಒಂದಾದದ್ದನ್ನು ನೋಡಿದರೆ, ಯುವಜನರಿಗೆ ಸಾರ್ವಜನಿಕ ವಿಷಯಗಳಲ್ಲಿ ಆಸಕ್ತಿಯಿಲ್ಲವೆಂಬ ಮಾತನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ. ಹಾಗಿದ್ದರೂ ಮೊದಲ ಹೆಜ್ಜೆಯಾಗಿ ಇದನ್ನು ನಾನು ಯಾರಿಗೂ ಸೂಚಿಸಲಾರೆ. ಹಲವು ಭಾಷೆಗಳಲ್ಲಿ ಪ್ರಚಾರ ಮಾಡಬಲ್ಲ ಜಾಲ ಮೊದಲೇ ಇಲ್ಲದಿದ್ದರೆ, ಆ ಒಂದು ವರ್ಷ ನಿರಾಸೆಯ ಪಾಠವಾಗಿ ಮುಗಿಯುವುದೇ ಹೆಚ್ಚು.

ಸಂವಾದಗಳು, ಉತ್ಸವಗಳು

ಒಕ್ಕೂಟದ ಅಧಿಕೃತ ಯುವ ಸಂವಾದ 18 ತಿಂಗಳ ಸುತ್ತುಗಳಲ್ಲಿ ನಡೆಯುತ್ತದೆ. ಸರದಿಯಂತೆ ಅಧ್ಯಕ್ಷತೆ ವಹಿಸುವ ಮೂರು ದೇಶಗಳ ಅವಧಿಗೆ ಅದು ಹೊಂದಿಕೊಂಡಿದೆ. ಪ್ರತಿ ದೇಶದ ಕಾರ್ಯಕಾರಿ ಗುಂಪು ಯುವಜನರ ಅಭಿಪ್ರಾಯ ಸಂಗ್ರಹಿಸುತ್ತದೆ, ಯುವ ಸಮ್ಮೇಳನಗಳಲ್ಲಿ ಅದನ್ನು ಕ್ರೋಡೀಕರಿಸುತ್ತಾರೆ, ಕೊನೆಗೆ ಮಂತ್ರಿಗಳ ಪರಿಷತ್ತು ನಿರ್ಣಯ ಅಂಗೀಕರಿಸುತ್ತದೆ. 2018ರಲ್ಲಿ ರೂಪುಗೊಂಡ 11 ಯುವ ಗುರಿಗಳು ಇದೇ ಪ್ರಕ್ರಿಯೆಯ ಕೂಸು, ಮತ್ತು 2019–2027ರ ಯುವ ಕಾರ್ಯತಂತ್ರದಲ್ಲಿ ಅವುಗಳಿಗೆ ಸ್ಥಾನ ಸಿಕ್ಕಿದೆ. ಆದರೆ ನಿರ್ಣಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಅಭಿಪ್ರಾಯ ಹೇಳಿದ ಹದಿನೆಂಟರ ಹುಡುಗಿಗೆ ಅದರ ಗತಿ ತಿಳಿಯುವ ಹೊತ್ತಿಗೆ ಅವಳು ಇನ್ನೊಂದು ಊರಿನಲ್ಲಿ ಪದವಿ ಓದುತ್ತಿರುತ್ತಾಳೆ. ಸ್ಟ್ರಾಸ್‌ಬರ್ಗ್‌ನ ಸಂಸತ್ ಭವನದಲ್ಲಿ 2014ರಿಂದ ನಡೆಯುತ್ತಿರುವ ಯುವ ಸಮಾವೇಶ, ವರ್ಷಕ್ಕೊಂದು ನಗರಕ್ಕೆ ಸಿಗುವ ‘ಯುರೋಪಿನ ಯುವ ರಾಜಧಾನಿ’ ಬಿರುದು ಇವು ಹುರುಪು ತುಂಬಲು, ಪರಿಚಯ ಬೆಳೆಸಲು ಒಳ್ಳೆಯವು. ಜಾತ್ರೆಗೆ ಹೋದ ಹಾಗೆ ಹೋಗಿಬರಬಹುದು. ಜಾತ್ರೆಯಲ್ಲಿ ಜಮೀನಿನ ವ್ಯಾಜ್ಯ ತೀರುವುದಿಲ್ಲ.

ಹಣ ಕೈಗೆ ಬಂದಾಗ

ಚಿಕ್ಕ ಮೊತ್ತವಾದರೂ ಸರಿ, ಅದನ್ನು ಹೇಗೆ ಖರ್ಚು ಮಾಡಬೇಕೆಂದು ಯುವಜನರೇ ನಿರ್ಧರಿಸುವ ವ್ಯವಸ್ಥೆ ಹತ್ತು ಸಂವಾದಗಳಿಗಿಂತ ಹೆಚ್ಚು ಕಲಿಸುತ್ತದೆ. ಪೋರ್ಚುಗಲ್ 2017ರಲ್ಲಿ ಎರಡು ಪ್ರಯೋಗಗಳನ್ನು ಒಟ್ಟೊಟ್ಟಿಗೆ ಆರಂಭಿಸಿತು. ಒಂದು, 14ರಿಂದ 30 ವರ್ಷದವರು ಯೋಜನೆಗಳನ್ನು ಸೂಚಿಸಿ ಮತ ಹಾಕುವ ರಾಷ್ಟ್ರಮಟ್ಟದ ಯುವ ಬಜೆಟ್. ಮೊದಲ ವರ್ಷದ ಮೊತ್ತ 3 ಲಕ್ಷ ಯೂರೊ. ಇನ್ನೊಂದು, ಸರ್ಕಾರಿ ಶಾಲೆಗಳ ಬಜೆಟ್: ವಿದ್ಯಾರ್ಥಿಗೆ ಒಂದು ಯೂರೊ ಲೆಕ್ಕದಲ್ಲಿ, ಚಿಕ್ಕ ಶಾಲೆಗೂ ಕನಿಷ್ಠ 500 ಯೂರೊ ಸಿಗುವಂತೆ. ಹಿರಿಯ ತರಗತಿಗಳ ಮಕ್ಕಳು ಪ್ರಸ್ತಾವ ಬರೆಯುತ್ತಾರೆ, ಪ್ರಚಾರ ಮಾಡುತ್ತಾರೆ, ಆ ದೇಶದ ವಿದ್ಯಾರ್ಥಿ ದಿನವಾದ ಮಾರ್ಚ್ 24ರ ಸುಮಾರಿಗೆ ಮತ ಹಾಕುತ್ತಾರೆ. ಐನೂರು ಯೂರೊಗೆ ಏನು ಬಂದೀತು ಎಂದು ಮೂಗು ಮುರಿಯುವವರು, ಆ ಐನೂರಕ್ಕಾಗಿ ಬೆಲೆಪಟ್ಟಿ ತರಿಸಿ, ಎದುರಾಳಿ ಗುಂಪಿನೊಡನೆ ವಾದಿಸಿ, ಸೋತರೆ ಒಪ್ಪಿಕೊಳ್ಳುವ ಹದಿನೈದರ ಹುಡುಗನಿಗೆ ಸಿಗುವ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪ್ಯಾರಿಸ್ ನಗರ 2014ರಲ್ಲಿ ತನ್ನ ಬಂಡವಾಳ ವೆಚ್ಚದ ಶೇ 5ರಷ್ಟನ್ನು ನಿವಾಸಿಗಳ ಮತಕ್ಕೆ ಬಿಟ್ಟುಕೊಡಲು ಹೊರಟಾಗ ವಯಸ್ಸು, ಪೌರತ್ವಗಳ ನಿರ್ಬಂಧವಿಡಲಿಲ್ಲ.

ನಗರಸಭೆಯ ಬೆಂಬಲವಿಲ್ಲದ ಗೆಳೆಯರ ಗುಂಪಿಗೆ, ಕಲಿಕೆ ಮತ್ತು ಯುವ ಯೋಜನೆಗಳಿಗೆ ಒಕ್ಕೂಟ ಹಣ ಕೊಡುವ ಎರಾಸ್ಮಸ್ ಪ್ಲಸ್ ಕಾರ್ಯಕ್ರಮದ ಯುವ ಭಾಗವಹಿಸುವಿಕೆ ವಿಭಾಗ ಹೆಚ್ಚು ಹೊಂದುತ್ತದೆ. 13ರಿಂದ 30 ವರ್ಷದೊಳಗಿನ ಕನಿಷ್ಠ ನಾಲ್ವರು, ಅವರಲ್ಲಿ 18 ತುಂಬಿದ ಒಬ್ಬರು ಮುಂದಾಳಾಗಿ, ಸಂಸ್ಥೆಯೊಂದನ್ನು ನೋಂದಾಯಿಸದೆಯೇ ಅರ್ಜಿ ಹಾಕಬಹುದು. ಯೋಜನೆ 3 ತಿಂಗಳಿಂದ 24 ತಿಂಗಳವರೆಗೆ ಇರಬಹುದು. ಊರಿನ ಜನಪ್ರತಿನಿಧಿಗಳೊಡನೆ ಸರಣಿ ಚರ್ಚೆ, ನೀತಿಯೊಂದರ ಬಗ್ಗೆ ಸಮೀಕ್ಷೆ, ಅಣಕು ಮತದಾನ ಇವೆಲ್ಲ ಇದರಡಿ ನಡೆಯುತ್ತವೆ. ಅರ್ಜಿಯ ನಮೂನೆ ಮಾತ್ರ ತಾಳ್ಮೆ ಪರೀಕ್ಷಿಸುವಂಥದ್ದು.

ಕಾನೂನನ್ನೇ ಯುವಜನರ ಕಣ್ಣಿನಿಂದ ಓದುವುದು

ಇದು ಸದ್ದಿಲ್ಲದ ದಾರಿ. ಹೊಸ ಮಸೂದೆ ಯುವಜನರ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದನ್ನು ಮೊದಲೇ ಪರಿಶೀಲಿಸುವ ‘ಯುವ ಪರಿಶೀಲನೆ’ ಆಸ್ಟ್ರಿಯಾದಲ್ಲಿ 2013ರಿಂದ, ಜರ್ಮನಿಯಲ್ಲಿ 2017ರಿಂದ ಇದೆ. ಬಾಡಿಗೆ, ಪಿಂಚಣಿ, ಅರೆಕಾಲಿಕ ಕೆಲಸಗಳಂತಹ ‘ಯುವಜನ’ ಎಂಬ ಹಣೆಪಟ್ಟಿ ಇಲ್ಲದ ಕಾನೂನುಗಳೇ ಅವರನ್ನು ಹೆಚ್ಚು ತಟ್ಟುವುದರಿಂದ ಈ ಪದ್ಧತಿಗೆ ಅರ್ಥವಿದೆ. 2022ರ ಯುರೋಪಿಯನ್ ಯುವ ವರ್ಷದ ಮುಂದುವರಿಕೆಯಾಗಿ ಆಯೋಗವೂ 2024ರಲ್ಲಿ ಇಂಥ ಪರಿಶೀಲನೆಯನ್ನು ಘೋಷಿಸಿತು. ಅಧಿಕಾರಿಗಳು ತಾವೇ ಚೌಕಗಳಿಗೆ ಗುರುತು ಹಾಕಿ ಮುಗಿಸಿದರೆ ಇದು ಕಾಗದವಾಗಿಯೇ ಉಳಿಯುತ್ತದೆ. ಪರಿಶೀಲನೆಯ ಕರಡನ್ನು ಯುವ ಮಂಡಳಿಗೆ ಕಳುಹಿಸುವ ನಿಯಮವಿದ್ದರೆ ಜೀವ ಬರುತ್ತದೆ.

ಬೀದಿ ಮತ್ತು ನ್ಯಾಯಾಲಯ

ಆಹ್ವಾನಕ್ಕೆ ಕಾಯದ ದಾರಿಗಳನ್ನು ಬಿಟ್ಟರೆ ಹೋಲಿಕೆ ಅಪೂರ್ಣವಾಗುತ್ತದೆ. 2018ರ ಆಗಸ್ಟ್‌ನಲ್ಲಿ 15 ವರ್ಷದ ಗ್ರೆಟಾ ಥುನ್‌ಬರ್ಗ್ ಸ್ವೀಡನ್ನಿನ ಸಂಸತ್ತಿನ ಮುಂದೆ ಹವಾಮಾನ ರಕ್ಷಣೆಗಾಗಿ ಒಬ್ಬಳೇ ಕುಳಿತು ಆರಂಭಿಸಿದ ಶಾಲಾ ಮುಷ್ಕರ, ಮುಂದಿನ ವರ್ಷ ಖಂಡದ ರಾಜಕೀಯ ಕಾರ್ಯಸೂಚಿಯನ್ನೇ ಬದಲಿಸಿತು. ಆ ಚಳವಳಿಯ ಲೂಯಿಸಾ ನೊಯ್‌ಬೌವರ್ ಮತ್ತಿತರ ಯುವಜನರು ಹೂಡಿದ ದೂರಿನ ಮೇಲೆ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2021ರಲ್ಲಿ, ಹವಾಮಾನ ಕಾಯ್ದೆ 2030ರ ನಂತರದ ಹೊರೆಯನ್ನು ಮುಂದಿನ ಪೀಳಿಗೆಯ ಹೆಗಲಿಗೆ ಹೊರಿಸುತ್ತದೆಂದು ಹೇಳಿ, ಅದು ಭಾಗಶಃ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ತಿಂಗಳುಗಳೊಳಗೆ ಸಂಸತ್ತು ಹಸಿರುಮನೆ ಅನಿಲ ಕಡಿತದ 2030ರ ಗುರಿಯನ್ನು ಶೇ 55ರಿಂದ 65ಕ್ಕೆ ಏರಿಸಿ, ಇಂಗಾಲ ಸಮತೋಲದ ವರ್ಷವನ್ನು 2050ರಿಂದ 2045ಕ್ಕೆ ಎಳೆಯಿತು. ಯಾವ ಸಂವಾದಕ್ಕೂ ಇಷ್ಟು ಬೇಗ ಇಂಥ ಉತ್ತರ ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆದರೆ ಇದನ್ನೇ ನಂಬಿ ಹೊರಡುವಂತಿಲ್ಲ: 2024ರ ಏಪ್ರಿಲ್ 9ರಂದು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ, 30ಕ್ಕೂ ಹೆಚ್ಚು ದೇಶಗಳ ವಿರುದ್ಧ ಪೋರ್ಚುಗಲ್ಲಿನ ಆರು ಯುವಜನರು ಹೂಡಿದ್ದ ಹವಾಮಾನ ಮೊಕದ್ದಮೆಯನ್ನು, ಮೊದಲು ತಮ್ಮ ದೇಶದ ನ್ಯಾಯಾಲಯಗಳಿಗೆ ಹೋಗಿಲ್ಲವೆಂಬುದೂ ಸೇರಿದಂತೆ ಹಲವು ಕಾರಣಗಳಿಂದ ತಳ್ಳಿಹಾಕಿತು. ಅದೇ ದಿನ, ಅದೇ ಪೀಠದ ಮುಂದೆ, ಸ್ವಿಟ್ಜರ್ಲೆಂಡಿನ ಹಿರಿಯ ಮಹಿಳೆಯರ ಸಂಘವೊಂದು ಗೆದ್ದಿತು. ಅಜ್ಜಿಯರು ಮಾತ್ರ ಎಲ್ಲ ಮೆಟ್ಟಿಲುಗಳನ್ನೂ ಕ್ರಮವಾಗಿ ಹತ್ತಿ ಬಂದಿದ್ದರು.

ಹಾಗಾದರೆ ಯಾರಿಗೆ ಯಾವುದು

ನಗರಸಭೆಯವರಿಗೆ ನನ್ನ ಸಲಹೆ: ಮೊದಲ ವರ್ಷ ಶಾಲೆಗಳ ಮಟ್ಟದ ಚಿಕ್ಕ ಬಜೆಟ್ಟಿನಿಂದ ಆರಂಭಿಸಿ, ಅಲ್ಲಿ ಮುಂದೆ ಬಂದವರನ್ನೂ ಚೀಟಿಯಲ್ಲಿ ಬಂದವರನ್ನೂ ಸೇರಿಸಿ ಎರಡನೆಯ ವರ್ಷ ಯುವ ಮಂಡಳಿ ಕಟ್ಟುವುದು, ಮತ್ತು ಅದರ ಪ್ರತಿ ಶಿಫಾರಸಿಗೆ ಇಂತಿಷ್ಟು ದಿನಗಳಲ್ಲಿ ಲಿಖಿತ ಉತ್ತರ ಕೊಡುವುದಾಗಿ ಸಭೆಯ ನಡಾವಳಿಯಲ್ಲಿಯೇ ಬರೆಯುವುದು. ವಿಷಯವೊಂದರಲ್ಲಿ ಊರು ಇಬ್ಭಾಗವಾಗಿದ್ದರೆ ಚೀಟಿಯ ಸಭೆ ಒಳ್ಳೆಯದು, ಏಕೆಂದರೆ ಅಲ್ಲಿ ಯಾರೂ ಯಾವ ಪಕ್ಷದ ಪರವಾಗಿಯೂ ಬಂದಿರುವುದಿಲ್ಲ. ಒಂದೇ ವಿಷಯಕ್ಕೆ ಪಣ ತೊಟ್ಟ ಯುವಜನರಿಗೆ ಸಹಿ ಸಂಗ್ರಹ, ಬೀದಿ, ನ್ಯಾಯಾಲಯಗಳೇ ಸರಿ. ಮಂಡಳಿಯ ನಿಧಾನ ಅವರನ್ನು ಸುಸ್ತು ಮಾಡುತ್ತದೆ. ಆಹ್ವಾನ ಬಂದಾಗಲೆಲ್ಲ ಕೇಳಬೇಕಾದ ಪ್ರಶ್ನೆಗಳೂ ಕೆಲವಿವೆ: ನಿರ್ಧಾರ ಈಗಾಗಲೇ ಆಗಿಹೋಗಿದೆಯೇ, ನಮ್ಮ ಮಾತಿಗೆ ಸಹಿ ಹಾಕಿ ಉತ್ತರಿಸುವ ಅಧಿಕಾರಿ ಯಾರು, ಹಿಂದಿನ ಬಾರಿ ಹೇಳಿದವುಗಳಲ್ಲಿ ಎಷ್ಟು ಜಾರಿಯಾದವು. ಈ ಮೂರಕ್ಕೂ ನೇರ ಉತ್ತರ ಬರದಿದ್ದರೆ ಆ ಶನಿವಾರವನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳುವುದು ತಪ್ಪಲ್ಲ.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿರುವ ಕನ್ನಡದ ಯುವಜನರಿಗೆ ಈ ಪಟ್ಟಿಯ ಎಲ್ಲ ಬಾಗಿಲುಗಳೂ ತೆರೆದಿಲ್ಲ. ನಾಗರಿಕರ ಉಪಕ್ರಮಕ್ಕೆ ಸಹಿ ಹಾಕಲು ಮತ್ತು ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಲು ಒಕ್ಕೂಟದ ದೇಶವೊಂದರ ಪೌರತ್ವ ಬೇಕು. ಆದರೆ ಎರಾಸ್ಮಸ್ ಪ್ಲಸ್ ಯುವ ಯೋಜನೆಗಳಿಗೆ ಪೌರತ್ವ ಮುಖ್ಯವಲ್ಲ, ಆ ದೇಶದಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಸಾಕು. ಪ್ಯಾರಿಸ್ಸಿನಂತಹ ನಗರಗಳ ಬಜೆಟ್ ಮತದಾನದಲ್ಲಿಯೂ ಪಾಸ್‌ಪೋರ್ಟಿನ ಬಣ್ಣ ಕೇಳುವುದಿಲ್ಲ. ಐರ್ಲೆಂಡಿನಲ್ಲಿ ವಾಸವಾಗಿರುವ 18 ತುಂಬಿದ ಯಾವ ದೇಶದವರಾದರೂ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಒಕ್ಕೂಟದಿಂದ ಹೊರಗಿರುವ ಬ್ರಿಟನ್ನಿನಲ್ಲಿ, ಅಲ್ಲಿ ನೆಲೆಸಲು ಅನುಮತಿಯಿರುವ ಭಾರತೀಯರಿಗೆ ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣದಿಂದ ಎಲ್ಲ ಚುನಾವಣೆಗಳಲ್ಲಿಯೂ ಮತವಿದೆ. ಆದ್ದರಿಂದ ಎಡಿನ್‌ಬರೋದಲ್ಲಿ ಓದುತ್ತಿರುವ ಮೈಸೂರಿನ ಹದಿನಾರರ ಹುಡುಗಿ, ಊರಿನಲ್ಲಿ ಇನ್ನೂ ಎರಡು ವರ್ಷ ಕಾಯಬೇಕಾಗಿದ್ದವಳು, ಸ್ಕಾಟ್ಲೆಂಡಿನ ಸಂಸತ್ತಿಗೆ ಈಗಲೇ ಮತ ಹಾಕಬಹುದು. ಅದಕ್ಕೆ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡಿರಬೇಕು.